ಪುಟ್ಟ ಕಾರಿಗೆ ಪುಟ್ಟ ಟರ್ಬೊ: ದಿನಬಳಕೆಯ ವಾಹನದಲ್ಲಿ ಟರ್ಬೊಚಾರ್ಜರ್ ಆಯ್ಕೆ ಮತ್ತು ಆರೈಕೆ

ಕಳೆದ ರಾಜ್ಯೋತ್ಸವದ ಊಟ ಮುಗಿಸಿ ಸಭಾಂಗಣದ ಹೊರಗೆ ಕಾರುಗಳ ನಡುವೆ ನಿಂತು ಮಾತಾಡುತ್ತಿದ್ದೆವು. ನಮ್ಮ ಸಂಘದಲ್ಲೇ ಆಡಿ ಬೆಳೆದ ಒಬ್ಬ ಹುಡುಗ, ಆಗಷ್ಟೇ ಚಾಲನಾ ಪರವಾನಗಿ ಪಡೆದವನು, ತನ್ನ ಒಂದು ಲೀಟರ್ ಎಂಜಿನ್ನಿನ ಹಳೆಯ ಕಾರನ್ನು ತೋರಿಸಿ ಕೇಳಿದ: "ಅಂಕಲ್, ಇದಕ್ಕೆ ಇನ್ನೂ ದೊಡ್ಡ ಟರ್ಬೊ ಹಾಕಿಸಿದರೆ ಎಷ್ಟು ಪವರ್ ಬರಬಹುದು?" ಪಕ್ಕದಲ್ಲೇ ಇದ್ದ ಅವನ ತಾಯಿಯ ಪ್ರಶ್ನೆ ಬೇರೆ ಇತ್ತು: "ಟರ್ಬೊ ಇರೋ ಗಾಡಿ ಬೇಗ ಕೆಟ್ಟುಹೋಗುತ್ತೆ ಅಂತಾರಲ್ಲ, ತಗೊಂಡಿದ್ದೇ ತಪ್ಪಾಯ್ತಾ?"

ಮಗನಿಗೆ ಆಸೆ, ತಾಯಿಗೆ ಆತಂಕ. ಎರಡಕ್ಕೂ ಉತ್ತರ ಇರುವುದು ಒಂದೇ ಕಡೆ: ಟರ್ಬೊ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯಲ್ಲಿ. ಇಂದು ಜರ್ಮನಿಯಲ್ಲಿ ಸಣ್ಣ ಪೆಟ್ರೋಲ್ ಕಾರು ಕೊಳ್ಳಲು ಹೊರಟ ನಮ್ಮಂಥ ಕುಟುಂಬಗಳ ಮುಂದೆ ಟರ್ಬೊ ಇರುವ ಎಂಜಿನ್ನೇ ಹೆಚ್ಚಾಗಿ ಬಂದು ನಿಲ್ಲುತ್ತದೆ. ಆದ್ದರಿಂದ ಇದು ವೇಗಪ್ರಿಯರ ವಿಷಯ ಮಾತ್ರವಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು.

ಊದುಗೊಳವೆಯ ತತ್ವ

ಸೌದೆ ಒಲೆಯ ಮುಂದೆ ಕುಳಿತು ಊದುಗೊಳವೆಯಲ್ಲಿ ಊದಿದ ಅಜ್ಜಿಯರನ್ನು ನೋಡಿದವರಿಗೆ ಟರ್ಬೊದ ಅರ್ಧ ಪಾಠ ಆಗಲೇ ಗೊತ್ತಿದೆ. ಒಲೆಯಲ್ಲಿ ಸೌದೆಗೆ ಕೊರತೆ ಇರಲಿಲ್ಲ, ಗಾಳಿಗೆ ಇತ್ತು. ಕಮ್ಮಾರನ ಕುಲುಮೆಯ ತಿದಿಯೂ ಇದೇ ಕೆಲಸ ಮಾಡುತ್ತದೆ. ಕಾರಿನ ಎಂಜಿನ್ನಿಗೂ ಕೊರತೆ ಇರುವುದು ಪೆಟ್ರೋಲಿನದಲ್ಲ. ಪಂಪು ಬೇಕಾದಷ್ಟು ಪೆಟ್ರೋಲ್ ಒದಗಿಸಬಲ್ಲದು. ಆದರೆ 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ಎಷ್ಟು ಗಾಳಿಯನ್ನು ಒಳಗೆಳೆದುಕೊಳ್ಳಬಲ್ಲದೋ ಅಷ್ಟೇ ಅದರ ಶಕ್ತಿ.

ಸಣ್ಣ ಲೆಕ್ಕವೊಂದನ್ನು ನೋಡೋಣ. ಒಂದು ಲೀಟರ್ ಎಂಜಿನ್ ನಿಮಿಷಕ್ಕೆ 5,500 ಸುತ್ತು ತಿರುಗುತ್ತಿದೆ ಎನ್ನಿ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಉಸಿರೆಳೆಯುವುದರಿಂದ ನಿಮಿಷಕ್ಕೆ 2,750 ಲೀಟರ್ ಗಾಳಿ ಸಿಗಬೇಕು. ಕೊಳವೆ, ಕವಾಟಗಳ ಅಡ್ಡಿಯಿಂದಾಗಿ ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಸಿಕ್ಕೀತು. ಅಂದರೆ ಸೆಕೆಂಡಿಗೆ ಸುಮಾರು 50 ಗ್ರಾಂ ಗಾಳಿ. ಅದು ಉರಿಸಬಲ್ಲ ಪೆಟ್ರೋಲಿನಿಂದ ಚಕ್ರಕ್ಕೆ ದಕ್ಕುವ ಶಕ್ತಿ 45ರಿಂದ 50 ಕಿಲೋವಾಟ್, ಅಂದರೆ 60ರಿಂದ 70 ಅಶ್ವಶಕ್ತಿಯ ಆಸುಪಾಸು. ಹೆಚ್ಚು ಬೇಕೆಂದರೆ ದಾರಿಗಳು ಮೂರು: ಎಂಜಿನ್ ದೊಡ್ಡದು ಮಾಡಿ, ಇನ್ನೂ ವೇಗವಾಗಿ ತಿರುಗಿಸಿ, ಇಲ್ಲವೇ ಅದೇ ಜಾಗಕ್ಕೆ ಹೆಚ್ಚು ಗಾಳಿ ಒತ್ತಿ ತುಂಬಿ. ಟರ್ಬೊ ಮಾಡುವುದು ಮೂರನೆಯ ಕೆಲಸ.

ಊದುವವರು ಯಾರು? ಇಲ್ಲಿಯೇ ಜಾಣತನವಿರುವುದು. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬಿಸಿಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ಪುಟ್ಟ ಚಕ್ರವೊಂದನ್ನು ಇಟ್ಟರೆ ಅದು ಗಿರಗಿರನೆ ತಿರುಗುತ್ತದೆ. ಇದು ಟರ್ಬೈನ್. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತುತ್ತದೆ. ಇದು ಕಂಪ್ರೆಸರ್. ಎರಡು ಚಕ್ರ, ಒಂದು ದಂಡ, ನಡುವೆ ಎಣ್ಣೆ ಹರಿಯುವ ಬೇರಿಂಗ್, ಇಷ್ಟೇ ಟರ್ಬೊ.

ಸರಳವಾದರೂ ಅದು ಬದುಕುವ ವಾತಾವರಣ ಭಯಂಕರ. ಪೆಟ್ರೋಲ್ ಎಂಜಿನ್ನಿನ ಹೊಗೆ 950 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಸಣ್ಣ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತು ದಾಟಿ ತಿರುಗುತ್ತದೆ. 38 ಮಿಲಿಮೀಟರ್ ವ್ಯಾಸದ ಚಕ್ರ ಆ ವೇಗದಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 400 ಮೀಟರ್ ಸಾಗುತ್ತದೆ. ಅದು ಗಾಳಿಯಲ್ಲಿ ಶಬ್ದದ ವೇಗಕ್ಕಿಂತ ಹೆಚ್ಚು. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಿ. ಎಣ್ಣೆಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತವೆ.

ಇನ್ನೆರಡು ಭಾಗಗಳ ಪರಿಚಯವಾಗಬೇಕು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. 25 ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಏರಿಸಿದರೆ ಸುಮಾರು 115ರಿಂದ 120 ಡಿಗ್ರಿ ಆಗುತ್ತದೆ. ಬಿಸಿಗಾಳಿ ವಿರಳ. ಜೊತೆಗೆ ಪೆಟ್ರೋಲ್ ಸಮಯಕ್ಕೆ ಮುನ್ನವೇ ಹೊತ್ತಿಕೊಳ್ಳುವ 'ನಾಕಿಂಗ್' ಅಪಾಯವೂ ಇದೆ. ಆದ್ದರಿಂದ ಗಾಳಿಯನ್ನು ಇಂಟರ್‌ಕೂಲರ್ ಎಂಬ ತಂಪುಗೂಡಿನ ಮೂಲಕ ಹಾಯಿಸಿ 45 ಡಿಗ್ರಿಯ ಹತ್ತಿರ ತರುತ್ತಾರೆ. ಇದರಿಂದಲೇ ಗಾಳಿಯ ಸಾಂದ್ರತೆ ಐದನೇ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ. ಎರಡನೆಯದು ವೇಸ್ಟ್‌ಗೇಟ್. ಕೆರೆಗೆ ಕೋಡಿ ಇದ್ದಂತೆ, ಒತ್ತಡ ಸಾಕೆನಿಸಿದಾಗ ಹೆಚ್ಚುವರಿ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಕಿರುಬಾಗಿಲು.

ಫ್ರಾಂಕ್‌ಫರ್ಟ್‌ನಲ್ಲಿ ಕಂಡ ಎರಡು ಕಾರುಗಳು

ಹೊಗೆಯಿಂದ ತಿರುಗುವ ಕಂಪ್ರೆಸರಿನ ಪೇಟೆಂಟನ್ನು 1905ರಲ್ಲಿ ಪಡೆದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1920ರ ದಶಕದಲ್ಲಿ ಅದು ಹಡಗುಗಳ ಡೀಸೆಲ್ ಎಂಜಿನ್ನಿನಲ್ಲಿ ನೆಲೆ ಕಂಡಿತು. ಕಾರುಗಳಿಗೆ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವರ್ಲೆ ಕೊರ್ವೇರ್ ಮೂಲಕ. ಜೆಟ್‌ಫೈರ್‌ನಲ್ಲಿ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಆಗಾಗ ತುಂಬಬೇಕಿತ್ತು. ಮಾಲೀಕರು ಮರೆತರು, ಕಾರು ಸೊರಗಿತು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಿತ್ತುಹಾಕಲಾಯಿತು. ಆರೈಕೆ ಮರೆತರೆ ಟರ್ಬೊ ಉಳಿಯದು ಎಂಬ ಪಾಠ ಮೊದಲ ಕಾರಿನಲ್ಲೇ ಸಿಕ್ಕಿತ್ತು.

ಎರಡನೆಯ ಪಾಠ ಸಿಕ್ಕಿದ್ದು ನಮ್ಮ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ. 1973ರಲ್ಲಿ ಅಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಅನಾವರಣಗೊಂಡಿತು. 170 ಅಶ್ವಶಕ್ತಿ, ಮುಂದಿನ ಕಾರಿನವನು ಕನ್ನಡಿಯಲ್ಲಿ ಓದಲೆಂದು ತಿರುವುಮುರುವಾಗಿ ಬರೆದ 'ಟರ್ಬೊ' ಎಂಬ ಅಕ್ಷರಗಳು. ಆದರೆ ಅದರ ಟರ್ಬೊ ಕೆಳವೇಗದಲ್ಲಿ ನಿದ್ದೆಯಲ್ಲಿರುತ್ತಿತ್ತು, ಎಚ್ಚರಗೊಂಡರೆ ಒಮ್ಮೆಲೇ ಒದೆಯುತ್ತಿತ್ತು. ಕೆಲವೇ ವಾರಗಳಲ್ಲಿ ತೈಲ ಬಿಕ್ಕಟ್ಟೂ ಎರಗಿತು. ತಯಾರಾದದ್ದು 1,672 ಕಾರುಗಳು ಮಾತ್ರ.

ನಾಲ್ಕು ವರ್ಷದ ನಂತರ, 1977ರಲ್ಲಿ, ಅದೇ ಪ್ರದರ್ಶನಕ್ಕೆ ಸ್ವೀಡನ್ನಿನ ಸಾಬ್ ಕಂಪನಿ 99 ಟರ್ಬೊ ತಂದಿತು. ಅದರ ಎಂಜಿನಿಯರ್ ಪೆರ್ ಗಿಲ್‌ಬ್ರಾಂಡ್ ಅವರ ಯೋಚನೆ ಸರಳ: ದೊಡ್ಡ ಟರ್ಬೊ ಹಾಕಿ ಗರಿಷ್ಠ ಶಕ್ತಿ ಹಿಂಡುವುದು ಬೇಡ. ಸಣ್ಣದನ್ನು ಹಾಕಿ, ಅದು ಬೇಗ ಎಚ್ಚರಗೊಳ್ಳಲಿ, ಒತ್ತಡ ಮಿತಿಮೀರದಂತೆ ವೇಸ್ಟ್‌ಗೇಟ್ ನೋಡಿಕೊಳ್ಳಲಿ. 145 ಅಶ್ವಶಕ್ತಿಯ ಆ ಕಾರು ದಿನಬಳಕೆಗೆ ಒಗ್ಗಿತು. ಇಂದು ನಮ್ಮ ಮನೆಮುಂದೆ ನಿಂತಿರುವ ಸಣ್ಣ ಕಾರುಗಳು ಹಿಡಿದಿರುವುದು ಇದೇ ದಾರಿಯನ್ನು.

ಸಣ್ಣದೇ ಏಕೆ?

ಟರ್ಬೊ ಬಗ್ಗೆ ದೂರುವವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಮೊದಲನೆಯದು ಹೊಸ್ತಿಲು. ಎಂಜಿನ್ ಇಷ್ಟು ಸುತ್ತು ತಿರುಗುವವರೆಗೆ ಹೊಗೆಯೇ ಸಾಲದು, ಟರ್ಬೊ ಏನೂ ಮಾಡಲಾರದು. ಎರಡನೆಯದು ವಿಳಂಬ, ಅಂದರೆ ಲ್ಯಾಗ್. ಹೊಸ್ತಿಲು ದಾಟಿದ ಮೇಲೂ ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೂ ಒತ್ತಡ ಏರುವ ಕ್ಷಣಕ್ಕೂ ನಡುವಿನ ಅಂತರ ಅದು.

ಎರಡೂ ಚಕ್ರದ ಗಾತ್ರವನ್ನು ಅವಲಂಬಿಸಿವೆ. ಸಣ್ಣ ಬುಗುರಿ ಬೇಗ ತಿರುಗುತ್ತದೆ, ದೊಡ್ಡದಕ್ಕೆ ಹೆಚ್ಚು ಬಲದ ಚಾಟಿ ಬೇಕು. ಚಕ್ರದ ವ್ಯಾಸ ಸ್ವಲ್ಪ ಹೆಚ್ಚಿದರೂ ಅದನ್ನು ತಿರುಗಿಸಲು ಬೇಕಾದ ಪ್ರಯತ್ನ ಬಹಳ ಹೆಚ್ಚುತ್ತದೆ, ಏಕೆಂದರೆ ತೂಕವೂ ಏರುತ್ತದೆ, ಆ ತೂಕ ಅಕ್ಷದಿಂದ ದೂರವೂ ಸರಿಯುತ್ತದೆ. ಟರ್ಬೈನ್ ಕವಚದ ಬಾಯಿಯ ಅಳತೆಯೂ ಹಾಗೆಯೇ. ತೋಟಕ್ಕೆ ನೀರು ಹಾಯಿಸುವಾಗ ಪೈಪಿನ ತುದಿಗೆ ಬೆರಳು ಒತ್ತಿದರೆ ನೀರು ದೂರ ಚಿಮ್ಮುವಂತೆ, ಕಿರಿದಾದ ಬಾಯಿ ಕಡಿಮೆ ಹೊಗೆಯನ್ನೂ ವೇಗವಾಗಿ ಚಕ್ರಕ್ಕೆ ಎರಚುತ್ತದೆ. ಬಿಡಿಭಾಗ ಮಾರುವವರು ಹೇಳುವ 'ಎ ಬೈ ಆರ್' ಎಂಬ ಸಂಖ್ಯೆ ಇದನ್ನೇ ಸೂಚಿಸುತ್ತದೆ: ಸಂಖ್ಯೆ ಕಡಿಮೆಯಾದಷ್ಟೂ ಟರ್ಬೊ ಬೇಗ ಎಚ್ಚರ, ಹೆಚ್ಚಾದಷ್ಟೂ ತಡ. ಸಣ್ಣದಕ್ಕೆ ಬೆಲೆಯೂ ಇದೆ. ಎಂಜಿನ್ ಮೇಲಿನ ವೇಗದಲ್ಲಿ ಓಡುವಾಗ ಅದು ಇಕ್ಕಟ್ಟಾದ ಬಾಗಿಲಂತೆ ಅಡ್ಡಿ ಮಾಡುತ್ತದೆ. ಆದರೆ ದಿನಬಳಕೆಯಲ್ಲಿ ನಾವು 5,000 ಸುತ್ತಿನಲ್ಲಿ ಕಳೆಯುವ ಸಮಯ ಎಷ್ಟು?

ಮೂರು ಸಿಲಿಂಡರ್ ಎಂಜಿನ್ನಿಗೆ ಇಲ್ಲೊಂದು ಅನುಕೂಲವಿದೆ. ಅದರಲ್ಲಿ 240 ಡಿಗ್ರಿ ಸುತ್ತಿಗೊಮ್ಮೆ ಒಂದು ಸಿಲಿಂಡರ್ ಹೊಗೆ ಉಗುಳುತ್ತದೆ. ಒಂದರ ಉಸಿರು ಇನ್ನೊಂದರ ಮೇಲೆ ಅಷ್ಟಾಗಿ ಬೀಳದು, ಪ್ರತಿ ಹೊಡೆತವೂ ಟರ್ಬೈನಿಗೆ ಗಟ್ಟಿಯಾಗಿ ತಲುಪುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಈ ಅಂತರ 180 ಡಿಗ್ರಿ. ಅಲ್ಲಿ ಇದೇ ಲಾಭ ಪಡೆಯಲು ಎರಡು ದಾರಿಯ ಕವಚ ಬೇಕಾಗುತ್ತದೆ. ಮೂರು ಸಿಲಿಂಡರ್ ಎಂದೊಡನೆ ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಎಲೆಗಳ ಕೋನ ಬದಲಿಸಿ ಬಾಯಿಯನ್ನು ಬೇಕಾದಾಗ ಕಿರಿದು, ಬೇಕಾದಾಗ ಅಗಲ ಮಾಡುವ ಟರ್ಬೊಗಳೂ ಇವೆ. ಡೀಸೆಲ್ಲಿನಲ್ಲಿ ಇವು ಬಹುಕಾಲದಿಂದ ಸಾಮಾನ್ಯ. ಪೆಟ್ರೋಲ್ ಹೊಗೆಯ ಶಾಖ ತಾಳುವ ಎಲೆಗಳನ್ನು ಮಾಡುವುದು ಕಷ್ಟವಾದ್ದರಿಂದ 2006ರ ಪೋರ್ಷೆ 911 ಟರ್ಬೊದಂಥ ದುಬಾರಿ ಕಾರಿನಲ್ಲಿ ಮೊದಲು ಹೆಸರು ಮಾಡಿ, 2017ರ ಹೊತ್ತಿಗೆ ಫೋಕ್ಸ್‌ವಾಗನ್ ಗಾಲ್ಫ್‌ನ 1.5 ಲೀಟರ್ ಎಂಜಿನ್ನಿಗೂ ಇಳಿದವು.

ಒಂದೇ ಕಾರು, ಮೂರು ಎಂಜಿನ್

ಕೊಳ್ಳುವವರಿಗೆ ಅರ್ಥವಾಗಲೆಂದು ಒಂದು ನಿಜವಾದ ಉದಾಹರಣೆ. 2017ರಲ್ಲಿ ಬಂದ ಆರನೇ ಪೀಳಿಗೆಯ ಪೋಲೊ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಅದರಲ್ಲಿ ಒಂದು ಲೀಟರಿನ ಮೂರು ಎಂಜಿನ್ ನೋಡಬಹುದು. ಟರ್ಬೊ ಇಲ್ಲದ್ದು 80 ಅಶ್ವಶಕ್ತಿ, 93 ನ್ಯೂಟನ್ ಮೀಟರ್ ಟಾರ್ಕ್. ಟರ್ಬೊ ಇರುವ ಮೊದಲನೆಯದು 95 ಅಶ್ವಶಕ್ತಿ, 175 ನ್ಯೂಟನ್ ಮೀಟರ್. ಎರಡನೆಯದು 110ರ ಆಸುಪಾಸು ಅಶ್ವಶಕ್ತಿ, 200 ನ್ಯೂಟನ್ ಮೀಟರ್.

ಜಾಹೀರಾತು ನೋಡಿದವರು 80ಕ್ಕೂ 95ಕ್ಕೂ ಹದಿನೈದೇ ವ್ಯತ್ಯಾಸ ಎನ್ನುತ್ತಾರೆ. ಟಾರ್ಕ್ ನೋಡಿ: ಹೆಚ್ಚುಕಡಿಮೆ ದುಪ್ಪಟ್ಟು. ಅದೂ ಟರ್ಬೊ ಇಲ್ಲದ್ದು ತನ್ನ ಉತ್ತಮ ಟಾರ್ಕ್ ಕೊಡಲು 3,700 ಸುತ್ತು ಬೇಡುತ್ತದೆ, ಟರ್ಬೊ ಇರುವುದು 2,000 ಸುತ್ತಿಗೂ ಮೊದಲೇ ಪೂರ್ತಿ ಕೊಡುತ್ತದೆ. ನ್ಯೂಟನ್ ಮೀಟರನ್ನು ಸುತ್ತಿನ ಸಂಖ್ಯೆಯಿಂದ ಗುಣಿಸಿ 9,550ರಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ. 2,000 ಸುತ್ತಿನಲ್ಲಿ ಮೊದಲನೆಯದು 20 ಕಿಲೋವಾಟ್ ಮುಟ್ಟಲಾರದು, ಎರಡನೆಯದು ಸುಮಾರು 37, ಮೂರನೆಯದು 42. ಹಿಂದೆ ಇಬ್ಬರು ಮಕ್ಕಳು, ಡಿಕ್ಕಿಯಲ್ಲಿ ವಾರದ ದಿನಸಿ ತುಂಬಿಕೊಂಡು ಆಟೋಬಾನ್ ಸೇರುವ ಏರುದಾರಿಯಲ್ಲಿ ಕೆಲಸಕ್ಕೆ ಬರುವುದು ಈ ಅಂಕಿ.

ಆದ್ದರಿಂದ ಕೊಳ್ಳುವಾಗ ಗರಿಷ್ಠ ಅಶ್ವಶಕ್ತಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ: ಪೂರ್ತಿ ಟಾರ್ಕ್ ಯಾವ ಸುತ್ತಿನಲ್ಲಿ ಆರಂಭವಾಗುತ್ತದೆ? ಉತ್ತರ 1,500ರಿಂದ 2,000ದ ನಡುವೆ ಇದ್ದರೆ ಆ ಟರ್ಬೊ ದಿನಬಳಕೆಗೆ ಹೊಂದುತ್ತದೆ. ಪರೀಕ್ಷಾ ಚಾಲನೆಯಲ್ಲಿ ಮೂರನೇ ಗೇರಿನಲ್ಲಿ 1,500 ಸುತ್ತಿನಿಂದ ನಿಧಾನವಾಗಿ ಆಕ್ಸಿಲರೇಟರ್ ಒತ್ತಿ ನೋಡಿದರೆ ಕಾಲಿಗೇ ತಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಕುಟುಂಬಗಳಿಗೆ ಈ ಮೂರರಲ್ಲಿ ನಡುವಿನದು ಸಾಕು. ವಾರಾಂತ್ಯಕ್ಕೆಲ್ಲ ನಾಲ್ಕು ಜನ ತುಂಬಿಕೊಂಡು ದೂರ ಹೋಗುವವರು ಮೂರನೆಯದನ್ನು ನೋಡಲಿ. ಊರೊಳಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವ ಹಿರಿಯರಿಗೆ ಟರ್ಬೊ ಇಲ್ಲದ್ದೇ ಲೇಸು. ಕಾರಣ ಮುಂದೆ ಹೇಳುತ್ತೇನೆ.

ದಾರಿ, ತೆರಿಗೆ, ಎತ್ತರ

ಸಣ್ಣ ಟರ್ಬೊ ಎಂಜಿನ್ ಪೆಟ್ರೋಲ್ ಉಳಿಸುತ್ತದೆಯೇ? ನೀವು ಎಷ್ಟು ವೇಗದಲ್ಲಿ ಓಡಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಸಣ್ಣ ಕಾರೊಂದನ್ನು ಸಮತಟ್ಟಾದ ದಾರಿಯಲ್ಲಿ 100 ಕಿಲೋಮೀಟರ್ ವೇಗದಲ್ಲಿ ಓಡಿಸಲು ಸುಮಾರು 12 ಕಿಲೋವಾಟ್ ಸಾಕು. ಜರ್ಮನಿಯ ಶಿಫಾರಸು ವೇಗವಾದ 130ಕ್ಕೆ ಸುಮಾರು 23. 160ಕ್ಕೆ 40. ಮೊದಲ ಎರಡರಲ್ಲಿ ಸಣ್ಣ ಎಂಜಿನ್ ಆರಾಮವಾಗಿದೆ, ದೊಡ್ಡ ಎಂಜಿನ್ ಅರೆಬರೆ ಉಸಿರಾಡುತ್ತ ವ್ಯರ್ಥ ಮಾಡುವ ಶಕ್ತಿ ಇಲ್ಲಿ ಉಳಿಯುತ್ತದೆ. ಮೂರನೆಯದರಲ್ಲಿ ಟರ್ಬೊ ನಿರಂತರ ದುಡಿಯಬೇಕು, ಶಾಖ ಏರುತ್ತದೆ, ಪೆಟ್ರೋಲ್ ಬಳಕೆ ಜಿಗಿಯುತ್ತದೆ. ಎಡಗಡೆಯ ಲೇನಿನಲ್ಲೇ ಬದುಕುವವರಿಗೆ ಒಂದು ಲೀಟರ್ ಎಂಜಿನ್ ಸರಿಯಾದ ಸಂಗಾತಿಯಲ್ಲ.

ಎಂಜಿನ್ ಸಣ್ಣದಾಗಲು ಕಾನೂನೂ ಕಾರಣ. ಜರ್ಮನಿಯಲ್ಲಿ ಪೆಟ್ರೋಲ್ ಕಾರಿನ ವಾರ್ಷಿಕ ತೆರಿಗೆಯ ಒಂದು ಭಾಗ ಪ್ರತಿ 100 ಘನ ಸೆಂಟಿಮೀಟರಿಗೆ 2 ಯೂರೊ, ಇನ್ನೊಂದು ಭಾಗ ಇಂಗಾಲದ ಡೈಆಕ್ಸೈಡ್ ಆಧರಿಸಿದ್ದು. ಭಾರತದಲ್ಲಿ 2006ರ ಬಜೆಟ್ ನಾಲ್ಕು ಮೀಟರಿಗಿಂತ ಚಿಕ್ಕದಾದ, 1,200 ಘನ ಸೆಂಟಿಮೀಟರ್ ಮೀರದ ಪೆಟ್ರೋಲ್ ಕಾರಿಗೆ ತೆರಿಗೆ ಇಳಿಸಿತು. ಆ ಗೆರೆ ಇಂದಿಗೂ ಅಳಿಸಿಲ್ಲ. ಊರಿಗೆ ಹೋದಾಗ 1.0 ಮತ್ತು 1.2 ಲೀಟರ್ ಟರ್ಬೊ ಕಾರುಗಳು ಇಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣ.

ಊರಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಬಾಬಾಬುಡನ್‌ಗಿರಿಯ ದಾರಿ ಹತ್ತಿದರೆ ಕೊರತೆ ಐದನೇ ಒಂದು ಪಾಲಿನ ಹತ್ತಿರ ಬರುತ್ತದೆ. ಇಲ್ಲಿಂದ ಆಸ್ಟ್ರಿಯದ ಗ್ರೋಸ್‌ಗ್ಲಾಕ್ನರ್ ರಸ್ತೆಯಲ್ಲಿ 2,500 ಮೀಟರ್ ಏರಿದರೆ ಕಾಲುಭಾಗ ಹೋದಂತೆ. ಟರ್ಬೊ ಇದ್ದರೆ ವೇಸ್ಟ್‌ಗೇಟ್ ಮುಚ್ಚಿಕೊಂಡು, ಚಕ್ರ ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಘಟ್ಟ ಹತ್ತುವವರಿಗೆ ಟರ್ಬೊ ನಿಜಕ್ಕೂ ಉಪಕಾರಿ.

ದೊಡ್ಡದು ಹಾಕಿಸಿದರೆ ಏನಾಗುತ್ತದೆ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಪ್ರತಿ ಕಂಪ್ರೆಸರಿಗೂ ತಯಾರಕರು ಒಂದು ನಕ್ಷೆ ಕೊಡುತ್ತಾರೆ. ಅಡ್ಡಕ್ಕೆ ಗಾಳಿಯ ಹರಿವು, ನೆಟ್ಟಗೆ ಒತ್ತಡದ ಅನುಪಾತ. ನಕ್ಷೆಯ ಎಡಗಡೆ 'ಸರ್ಜ್' ಗೆರೆ ಇದೆ: ಹರಿವು ಕಡಿಮೆ, ಒತ್ತಡ ಹೆಚ್ಚು ಆದಾಗ ಗಾಳಿ ಹಿಂದಕ್ಕೆ ಉಕ್ಕಿ ಚಕ್ರವನ್ನು ಅದುರಿಸುವ ಪ್ರದೇಶ. ಬಲಗಡೆ 'ಚೋಕ್' ಗೆರೆ: ಎಷ್ಟು ತಿರುಗಿಸಿದರೂ ಇನ್ನು ಗಾಳಿ ಹೋಗದು. ನಡುವೆ ದ್ವೀಪದಂಥ ಜಾಗದಲ್ಲಿ ದಕ್ಷತೆ ಹೆಚ್ಚು. ಎಂಜಿನ್ ದಿನದ ಹೆಚ್ಚು ಹೊತ್ತು ಆ ದ್ವೀಪದಲ್ಲಿರುವಂತೆ ಟರ್ಬೊ ಆರಿಸುವುದೇ ಹೊಂದಾಣಿಕೆಯ ಕಲೆ.

ನಾವು ಮೊದಲು ಮಾಡಿದ ಲೆಕ್ಕವನ್ನು ಮುಂದುವರಿಸಿದರೆ, ಒಂದು ಲೀಟರಿನಿಂದ 110 ಅಶ್ವಶಕ್ತಿಗೆ ಸೆಕೆಂಡಿಗೆ ಸುಮಾರು 85 ಗ್ರಾಂ ಗಾಳಿ ಬೇಕು. 150 ಗ್ರಾಂ ಕೊಡಬಲ್ಲ ಟರ್ಬೊ ತಂದು ಕೂರಿಸಿದರೆ ಎಂಜಿನ್ ಹೆಚ್ಚು ಹೊತ್ತು ನಕ್ಷೆಯ ಎಡ ಅಂಚಿನಲ್ಲಿ ತೆವಳುತ್ತದೆ. 3,500 ಸುತ್ತಿನವರೆಗೆ ಕಾರು ಮೊದಲಿಗಿಂತ ಮಂದ. ಆಮೇಲೆ ಬರುವ ಒದೆತಕ್ಕೆ ಪಿಸ್ಟನ್, ಕ್ಲಚ್, ಗೇರ್‌ಬಾಕ್ಸ್ ಸಿದ್ಧವಾಗಿರುವುದಿಲ್ಲ. ಫೋಕ್ಸ್‌ವಾಗನ್ ಗುಂಪಿನ ಸಣ್ಣ ಕಾರುಗಳ ಏಳು ಗೇರಿನ ಒಣಕ್ಲಚ್ ಪೆಟ್ಟಿಗೆಯ ಮಿತಿ 250 ನ್ಯೂಟನ್ ಮೀಟರ್. ಇಂಜೆಕ್ಟರ್, ಪೆಟ್ರೋಲ್ ಪಂಪು, ಇಂಟರ್‌ಕೂಲರ್, ಕಂಪ್ಯೂಟರಿನ ತಂತ್ರಾಂಶ ಎಲ್ಲವೂ ಬದಲಾಗಬೇಕು. ಟರ್ಬೊ ಒಂದನ್ನೇ ಬದಲಿಸುವುದು ಎಂಬುದು ಇಲ್ಲವೇ ಇಲ್ಲ.

ಕಾನೂನಿನ ಮಾತು ಇನ್ನೂ ಗಂಭೀರ. ಜರ್ಮನಿಯ ವಾಹನ ಪರವಾನಗಿ ನಿಯಮಾವಳಿಯ 19ನೇ ಕಲಮಿನ ಪ್ರಕಾರ ಹೊಗೆ ಅಥವಾ ಶಬ್ದ ಹದಗೆಡಿಸುವ, ಇಲ್ಲವೇ ಅಪಾಯ ತರಬಹುದಾದ ಬದಲಾವಣೆ ಮಾಡಿದರೆ ವಾಹನದ ಅನುಮತಿಯೇ ರದ್ದಾಗುತ್ತದೆ. ಟ್ಯೂಫ್‌ನಂಥ ಸಂಸ್ಥೆಯ ತಜ್ಞರು ಪರೀಕ್ಷಿಸಿ ಒಪ್ಪಿ, ಅದು ದಾಖಲೆಯಲ್ಲಿ ಸೇರಬೇಕು. ಇಲ್ಲದಿದ್ದರೆ ಅಪಘಾತದ ದಿನ ವಿಮೆಯ ವಿಷಯದಲ್ಲಿ ದೊಡ್ಡ ತೊಡಕು ಕಾದಿರುತ್ತದೆ. ತಂತ್ರಾಂಶ ಮಾತ್ರ ಬದಲಿಸುವ 'ಚಿಪ್ ಟ್ಯೂನಿಂಗ್'ಗೂ ಇದೇ ನಿಯಮ. ಹುಡುಗರು ಇದನ್ನು ಆಟ ಎಂದುಕೊಳ್ಳುತ್ತಾರೆ. ತಂದೆತಾಯಿ ಹೆಸರಿನಲ್ಲಿ ನೋಂದಣಿಯಾದ ಕಾರಿನಲ್ಲಿ ಅದು ಆಟವಲ್ಲ.

ಆಯಿಖೆಲ್‌ಬೆರ್ಗ್ ಏರಿನಲ್ಲಿ ಕಲಿತದ್ದು

ಇನ್ನು ತಾಯಿಯ ಆತಂಕ. ಅದಕ್ಕೆ ನನ್ನದೇ ತಪ್ಪಿನ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಗಣೇಶನ ಹಬ್ಬಕ್ಕೆಂದು ಸ್ಟುಟ್‌ಗಾರ್ಟ್ ಕಡೆಯಿಂದ ಮ್ಯೂನಿಕ್‌ಗೆ ಹೊರಟಿದ್ದೆವು. ಎ8 ಹೆದ್ದಾರಿಯ ಆಯಿಖೆಲ್‌ಬೆರ್ಗ್ ಏರಿನಲ್ಲಿ ಕಾರು ಸಣ್ಣಗೆ ಸೈರನ್ನಿನಂತೆ ಕೂಗತೊಡಗಿತು. ಶಕ್ತಿ ಕುಸಿಯಿತು. ಕನ್ನಡಿಯಲ್ಲಿ ನೀಲಿ ಹೊಗೆ ಬಿಟ್ಟರೆ ಬೇರೇನೂ ಕಾಣದು. ಪಕ್ಕದ ಪಟ್ಟಿಗೆ ಎಳೆದು ನಿಲ್ಲಿಸಿ, ಮಕ್ಕಳನ್ನು ತಡೆಬೇಲಿಯ ಆಚೆ ಕೂರಿಸಿ, ಲಾರಿಗಳು ಗಾಳಿ ಸೀಳಿಕೊಂಡು ಹೋಗುವುದನ್ನು ನೋಡುತ್ತ ಒಂದೂವರೆ ಗಂಟೆ ಕಾದೆವು. ಮಡಿಲಲ್ಲಿದ್ದ ಕಡುಬಿನ ಡಬ್ಬಿಯನ್ನು ಯಾರೂ ತೆರೆಯಲಿಲ್ಲ.

ವರ್ಕ್‌ಶಾಪಿನವರು ಟರ್ಬೊ ಬಿಚ್ಚಿ ತೋರಿಸಿದರು. ಅದಕ್ಕೆ ಎಣ್ಣೆ ಒಯ್ಯುವ ಕಿರುಕೊಳವೆ ಕರಕಲು ಕಟ್ಟಿ ಮುಚ್ಚಿಹೋಗಿತ್ತು. ಎಣ್ಣೆ ಸಿಗದ ದಂಡ ಬೇರಿಂಗನ್ನು ತಿಂದುಹಾಕಿತ್ತು. "ಎಣ್ಣೆ ಯಾವಾಗ ಬದಲಿಸಿದ್ದು?" ಎಂದರು. ಸರ್ವಿಸಿಗೆ ಇನ್ನೂ ಸಾವಿರಾರು ಕಿಲೋಮೀಟರ್ ಬಾಕಿ ಎಂದು ಕಾರಿನ ಪರದೆಯೇ ಹೇಳುತ್ತಿತ್ತು, ನಾನು ನಂಬಿದ್ದೆ. ಆದರೆ ನನ್ನ ನಿತ್ಯದ ಓಡಾಟ ಕಚೇರಿಗೆ ನಾಲ್ಕು ಕಿಲೋಮೀಟರ್. ಚಳಿಗಾಲವಿಡೀ ಎಂಜಿನ್ ಒಮ್ಮೆಯೂ ಪೂರ್ತಿ ಬಿಸಿಯಾಗುತ್ತಿರಲಿಲ್ಲ. ಉರಿಯದ ಪೆಟ್ರೋಲೂ ನೀರಿನ ಹನಿಯೂ ಎಣ್ಣೆಗೆ ಸೇರಿ ಅದನ್ನು ಕೆಡಿಸಿದ್ದವು. ದುರಸ್ತಿಗೆ ಎರಡು ಸಾವಿರ ಯೂರೊ ದಾಟಿತು. ಸಮಯಕ್ಕೆ ಎಣ್ಣೆ ಬದಲಿಸಿದ್ದರೆ ಅದರ ಹತ್ತನೇ ಒಂದು ಪಾಲೂ ಆಗುತ್ತಿರಲಿಲ್ಲ.

ಆ 2 ಲಕ್ಷ ಸುತ್ತು, ಆ 950 ಡಿಗ್ರಿ ನೆನಪಿದೆಯಲ್ಲ? ಆ ದಂಡವನ್ನು ಲೋಹಕ್ಕೆ ತಾಗದಂತೆ ತೇಲಿಸಿಡುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಟರ್ಬೊ ತಾನಾಗಿ ಕೆಡುವುದಕ್ಕಿಂತ ಎಣ್ಣೆಯಿಂದ ಕೆಡುವುದೇ ಹೆಚ್ಚು. ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮಗಳು ಇವು.

ಒಂದು: ದೀರ್ಘಾವಧಿ ಸರ್ವಿಸಿನ ಲೆಕ್ಕದಲ್ಲಿ 30,000 ಕಿಲೋಮೀಟರ್ ಅಥವಾ ಎರಡು ವರ್ಷದವರೆಗೆ ಬಿಡಲು ಕೆಲವು ಕಾರುಗಳು ಅವಕಾಶ ಕೊಡುತ್ತವೆ. ಅದು ದೂರ ಓಡಾಡುವವರಿಗೆ. ಸಣ್ಣ ಓಡಾಟದವರು ವರ್ಷಕ್ಕೊಮ್ಮೆ ಅಥವಾ 15,000 ಕಿಲೋಮೀಟರಿಗೆ, ಯಾವುದು ಮೊದಲೋ ಆಗ, ಎಣ್ಣೆ ಬದಲಿಸುವುದು ಒಳ್ಳೆಯದು.

ಎರಡು: ಕೈಪಿಡಿಯಲ್ಲಿ ಬರೆದ ದರ್ಜೆಯ ಎಣ್ಣೆಯನ್ನೇ ಹಾಕಿಸಿ. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಕೆಳವೇಗದಲ್ಲಿ ಹೆಚ್ಚು ಒತ್ತಡವಿದ್ದಾಗ ಕಿಡಿಗೆ ಮುನ್ನವೇ ಸ್ಫೋಟ ಸಂಭವಿಸಿ ಪಿಸ್ಟನ್ ಒಡೆಯುವ ಅಪಾಯವಿದೆ. ಎಣ್ಣೆಯಲ್ಲಿನ ರಾಸಾಯನಿಕಗಳಿಗೂ ಇದಕ್ಕೂ ಸಂಬಂಧವಿದೆ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆ ಇದಕ್ಕಾಗಿ ಪ್ರತ್ಯೇಕ ಪರೀಕ್ಷೆ ವಿಧಿಸುತ್ತದೆ. ಇದೇ ಕಾರಣಕ್ಕೆ ಮೇಲಿನ ಗೇರಿನಲ್ಲಿ 1,200 ಸುತ್ತಿಗೆ ಇಳಿದ ಎಂಜಿನ್ನಿಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ, ಒಂದು ಗೇರ್ ಇಳಿಸಿ.

ಮೂರು: ಚಳಿಯಲ್ಲಿ ಹೊರಟ ಮೊದಲ ಕೆಲವು ಕಿಲೋಮೀಟರ್ ಸೌಮ್ಯವಾಗಿ ಓಡಿಸಿ. ನೀರಿನ ಮುಳ್ಳು ಮೇಲೆ ಬಂದರೂ ಎಣ್ಣೆ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು.

ನಾಲ್ಕು: ವೇಗವಾಗಿ ಓಡಿಸಿ ವಿಶ್ರಾಂತಿ ತಾಣಕ್ಕೆ ನುಗ್ಗಿ ಕೂಡಲೇ ಎಂಜಿನ್ ಆರಿಸಬೇಡಿ. ಹರಿವು ನಿಂತ ಎಣ್ಣೆ ಬಿಸಿ ದಂಡದ ಮೇಲೆ ಸುಟ್ಟು ಕರಕಲಾಗುತ್ತದೆ. ಈಚಿನ ಕಾರುಗಳಲ್ಲಿ ಬೇರಿಂಗಿನ ಸುತ್ತ ನೀರು ಹರಿಸುವ ವ್ಯವಸ್ಥೆ ಇದ್ದರೂ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದು, ಅರ್ಧ ನಿಮಿಷ ಬಿಟ್ಟು ಆರಿಸಿದರೆ ಖರ್ಚೇನಿಲ್ಲ.

ಐದು: ಟರ್ಬೊ ಬದಲಿಸುವ ಪ್ರಸಂಗ ಬಂದರೆ ಎಣ್ಣೆಯ ಕೊಳವೆಯನ್ನೂ ಬದಲಿಸಿದ್ದಾರೆಯೇ ಕೇಳಿ. ಕಟ್ಟಿಕೊಂಡ ಹಳೆಯ ಕೊಳವೆಗೆ ಹೊಸ ಟರ್ಬೊ ಜೋಡಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಸರ್ವಿಸ್ ದಾಖಲೆಯಲ್ಲಿ ಎಣ್ಣೆಯ ತಾರೀಖುಗಳನ್ನು ಓದಿ. ಕಿಲೋಮೀಟರ್ ಕಡಿಮೆ ಎಂದು ಮಾರುಹೋಗಬೇಡಿ. ಎಂಟು ವರ್ಷದಲ್ಲಿ 30,000 ಓಡಿದ ಕಾರು ಪೂರ್ತಿ ಸಣ್ಣ ಓಡಾಟದಲ್ಲೇ ಬದುಕಿರಬಹುದು. ಎಂಜಿನ್ ತಣ್ಣಗಿರುವಾಗಲೇ ನೀವೇ ಚಾಲೂ ಮಾಡಿ ನೋಡಿ. ನೀಲಿ ಹೊಗೆ, ಏರುತ್ತ ಹೋಗುವ ಸಿಳ್ಳೆ, ನಡುನಡುವೆ ಶಕ್ತಿ ಕುಸಿಯುವುದು, ಇವುಗಳಲ್ಲಿ ಒಂದು ಕಂಡರೂ ಬೇರೆ ಕಾರು ಹುಡುಕಿ.

ಕೊನೆಯ ಮಾತು

ಆ ದಿನ ಪಾರ್ಕಿಂಗ್‌ನಲ್ಲಿ ತಾಯಿಗೆ ಹೇಳಿದೆ: ತಗೊಂಡಿದ್ದು ತಪ್ಪಲ್ಲ, ಎಣ್ಣೆ ಮರೆತರೆ ತಪ್ಪು. ಹುಡುಗನಿಗೆ ಹೇಳಿದೆ: ನಿನ್ನ ಎಂಜಿನ್ನಿಗೆ ಯಾವ ಟರ್ಬೊ ಬೇಕು ಎಂದು ಬಲ್ಲವರು ವರ್ಷಗಟ್ಟಲೆ ನಕ್ಷೆ ಹಿಡಿದು ಕೂತು ಲೆಕ್ಕ ಹಾಕಿದ್ದಾರೆ. ಆ ಲೆಕ್ಕವನ್ನು ಮೊದಲು ನೀನೂ ಒಮ್ಮೆ ಮಾಡಿ ನೋಡು. ಹಾಕಿಸುವ ಆಸೆ ಆಮೇಲೂ ಉಳಿದಿದ್ದರೆ ಮಾತಾಡೋಣ.

ಎರಡು ವಾರದ ಮೇಲೆ ಅವನ ಫೋನ್ ಬಂತು. ಲೆಕ್ಕ ಮಾಡಿದ್ದ. ಸೆಕೆಂಡಿಗೆ ಎಷ್ಟು ಗ್ರಾಂ ಎಂದು ಸರಿಯಾಗಿಯೇ ಹೇಳಿದ. ದೊಡ್ಡ ಟರ್ಬೊ ಮಾತು ತೆಗೆಯಲಿಲ್ಲ. ಬದಲಿಗೆ ಕೇಳಿದ: "ಅಂಕಲ್, ಎಣ್ಣೆ ನಾವೇ ಮನೆಯಲ್ಲಿ ಬದಲಿಸಬಹುದಾ? ಒಂದು ಶನಿವಾರ ಬಂದು ತೋರಿಸಿಕೊಡ್ತೀರಾ?"

ಹೋಗಿ ತೋರಿಸಿಕೊಟ್ಟೆ.